ಟಚ್ ಸಾಕಾ, ಬಟನ್ ಬೇಕಾ? ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವವರಿಗೆ

(ರಾಯಚೂರಿನಲ್ಲಿ ಓದುಗರ ಒಂದು ಸಣ್ಣ ಬಳಗದ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಹೇಳಿದ್ದನ್ನೇ ಹೇಳಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫೋನಿಗೆ ಬಟನ್ ಇರಬೇಕಾ, ಬರೀ ಗಾಜು ಸಾಕಾ ಅನ್ನುವ ಚರ್ಚೆ ಹಳೆಯದು. ಅಂಗಡಿಗೆ ಹೋದರೆ ಸಿಗುವುದೆಲ್ಲ ಟಚ್ ಫೋನೇ, ಇನ್ನು ಆರಿಸುವುದೇನು ಬಂತು ಅಂತ ಬಹಳ ಜನ ಕೇಳುತ್ತಾರೆ. ಕನ್ನಡ ಬರೆಯುವವರಿಗೆ ಆರಿಸುವುದು ಇನ್ನೂ ಇದೆ. ಇಂಗ್ಲಿಷಿನವರು ತಮ್ಮ ಇಪ್ಪತ್ತಾರು ಅಕ್ಷರಕ್ಕೆ ಮಾಡಿಕೊಂಡ ಲೆಕ್ಕವನ್ನೇ ನಾವೂ ಒಪ್ಪಿಕೊಂಡಿದ್ದೇವೆ. ನಮ್ಮ ಒತ್ತಕ್ಷರಕ್ಕೆ, ನಮ್ಮ ಗುಣಿತಕ್ಕೆ, ನಮ್ಮೂರಿನ ಬಿಸಿಲಿಗೆ, ಒಂದೇ ಮನೆಯಲ್ಲಿ ಮೂರು ಭಾಷೆ ಓಡಾಡುವ ನಮ್ಮ ಬದುಕಿಗೆ ಯಾವುದು ಹೊಂದುತ್ತದೆ ಅಂತ ಕೂತು ನೋಡಿದವರು ಕಡಿಮೆ.

ನಾನು ದಿನಾ ಕನ್ನಡ ಟೈಪ್ ಮಾಡಿಯೇ ಜೀವನ ಮಾಡುವವಳು. ನನ್ನದು ಡಿ.ಟಿ.ಪಿ. ಅಂಗಡಿ. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ ಎಲ್ಲ ಬರುತ್ತದೆ. ಮೊದಲು ಜನ ಕೈಬರಹದ ಹಾಳೆ ತರುತ್ತಿದ್ದರು. ಈಗ ವಾಟ್ಸಾಪ್‌ನಲ್ಲಿ ತಾವೇ ಟೈಪ್ ಮಾಡಿ ಕಳಿಸುತ್ತಾರೆ. ಹಾಗಾಗಿ ಊರಿನ ಜನ ಫೋನಿನಲ್ಲಿ ಕನ್ನಡವನ್ನು ಹೇಗೆ ಒತ್ತುತ್ತಾರೆ, ಎಲ್ಲಿ ಎಡವುತ್ತಾರೆ ಅನ್ನುವುದು ನನ್ನ ಕಣ್ಣ ಮುಂದೆಯೇ ಇದೆ. ಅದನ್ನೆಲ್ಲ ನೋಡಿ ನನಗೆ ಅನ್ನಿಸಿದ್ದು ಇಷ್ಟು: ಬಟನ್ನೋ ಗಾಜೋ ಅನ್ನುವುದು ಎರಡನೇ ಪ್ರಶ್ನೆ. ಕನ್ನಡದ ಯಾವ ಕೀಲಿಮಣೆ ನಿಮ್ಮ ಬೆರಳಿಗೆ ಕೂತಿದೆ ಅನ್ನುವುದು ಮೊದಲನೆಯದು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಸಲೀಸು. ಮೊದಲನೆಯದನ್ನು ಬಿಟ್ಟರೆ ಎಷ್ಟು ದುಬಾರಿ ಫೋನ್ ಕೊಂಡರೂ ಅದೇ ಒದ್ದಾಟ.

ಸ್ವಲ್ಪ ಹಿಂದಿನಿಂದ ಬರೋಣ. ನೋಕಿಯಾ 1100 ಎಲ್ಲರಿಗೂ ನೆನಪಿದೆಯಲ್ವಾ? 2003ರಲ್ಲಿ ಬಂದ ಫೋನು, ತಲೆಯಲ್ಲಿ ಟಾರ್ಚ್, ಜಗತ್ತಿನಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ಅದರಲ್ಲಿ ನಂಬರು, ಅಕ್ಷರ ಒತ್ತಲು ಇದ್ದದ್ದು ಹನ್ನೆರಡು ಬಟನ್. ಇಂಗ್ಲಿಷಿನ ಒಂದು ‘ಸಿ’ ಬೇಕಾದರೆ ಎರಡನೇ ನಂಬರನ್ನು ಮೂರು ಸಲ ಒತ್ತಬೇಕು. ಆ ಕಷ್ಟಕ್ಕೆ ಪರಿಹಾರವಾಗಿ ಇದ್ದದ್ದು ಟಿ9. ಅಮೆರಿಕದ ಟೆಜಿಕ್ ಅನ್ನುವ ಕಂಪನಿ ಮಾಡಿದ್ದು. ಒಂದು ಅಕ್ಷರಕ್ಕೆ ಒಂದೇ ಸಲ ಒತ್ತಿದರೆ ಸಾಕು, ಯಾವ ಪದ ಅನ್ನುವುದನ್ನು ಫೋನೇ ತನ್ನ ಪದಪಟ್ಟಿಯಲ್ಲಿ ಹುಡುಕಿ ತೋರಿಸುತ್ತಿತ್ತು. ಕಾಲೇಜು ಹುಡುಗರು ಫೋನನ್ನು ಬೆಂಚಿನ ಕೆಳಗೆ ಇಟ್ಟುಕೊಂಡು, ಕಣ್ಣು ಮೇಷ್ಟ್ರ ಕಡೆ ಇಟ್ಟುಕೊಂಡು, ಮೆಸೇಜ್ ಒತ್ತಿಬಿಡುತ್ತಿದ್ದರು. ಬಟನ್ನಿನ ಶಕ್ತಿ ಇರುವುದೇ ಅಲ್ಲಿ, ಅದಕ್ಕೆ ಕಣ್ಣು ಬೇಕಾಗಿಲ್ಲ.

ಆದರೆ ಆ ಹುಡುಗರು ಒತ್ತುತ್ತಿದ್ದದ್ದು ಇಂಗ್ಲಿಷ್ ಅಕ್ಷರ. ‘ಊಟ ಆಯ್ತಾ’ ಅಂತ ಕೇಳಬೇಕಾದರೂ ಇಂಗ್ಲಿಷ್ ಅಕ್ಷರದಲ್ಲೇ ಕೇಳಬೇಕಿತ್ತು. ಇದಕ್ಕೆ ಬರೀ ಬಟನ್ ಕಾರಣವಲ್ಲ, ಎಸ್ಸೆಮ್ಮೆಸ್ಸಿನ ಅಳತೆಯೂ ಕಾರಣ. ಒಂದು ಎಸ್ಸೆಮ್ಮೆಸ್ಸಿಗೆ 140 ಬೈಟ್ ಜಾಗ. ಇಂಗ್ಲಿಷ್ ಆದರೆ ಅದರಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡ ಆದರೆ 70. ಅದೂ ನಾವು ಎಣಿಸುವ ಹಾಗೆ 70 ಅಲ್ಲ. ‘ಸ್ತ್ರೀ’ ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಫೋನು, ಕಂಪ್ಯೂಟರು ಅಕ್ಷರ ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಅದು ಆರು: ಸ, ಆಮೇಲೆ ಒತ್ತಕ್ಷರ ಮಾಡುವ ಕೊಂಡಿ, ತ, ಇನ್ನೊಂದು ಕೊಂಡಿ, ರ, ಕೊನೆಗೆ ಈ ಕಾರದ ಗುಣಿತ. ಈ ಆರು ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅತ್ತ 1999ರಲ್ಲಿ ಬ್ಲ್ಯಾಕ್‌ಬೆರಿ ಶುರುವಾಗಿತ್ತು. ಸಣ್ಣ ಸಾಧನ, ಆದರೆ ಕೆಳಗೆ ಪೂರ್ತಿ ಇಂಗ್ಲಿಷ್ ಕೀಬೋರ್ಡ್. ಎರಡು ಹೆಬ್ಬೆರಳಲ್ಲಿ ಉದ್ದುದ್ದ ಈಮೇಲ್ ಬರೆಯಬಹುದು ಅನ್ನುವುದನ್ನು ಜಗತ್ತಿಗೆ ತೋರಿಸಿದ್ದು ಅದು. ಆಮೇಲೆ ನೋಕಿಯಾದ ಇ63, ಇ71 ಬಂದವು. ನಮ್ಮ ಕಡೆ ಅವುಗಳ ರೂಪದ ಅಗ್ಗದ ಫೋನುಗಳೂ ಬಂದವು, ಕಾಲೇಜಿನಲ್ಲಿ ಅದೊಂದು ಶೋಕಿಯಾಗಿತ್ತು. 2018ರಲ್ಲಿ ಜಿಯೋಫೋನ್ 2 ಕೂಡ ಪೂರ್ತಿ ಇಂಗ್ಲಿಷ್ ಕೀಬೋರ್ಡಿನ ಜೊತೆಗೇ ಬಂತು. ಇವುಗಳ ಬಟನ್ ಮೇಲೆ ಎದ್ದು ಕಾಣುತ್ತಿದ್ದದ್ದು ಇಂಗ್ಲಿಷ್ ಅಕ್ಷರ. ಕಾರಣ ಸರಳ. ಬಟನ್ ಅಂದರೆ ಅಚ್ಚು. ಒಂದು ಸಲ ಅಚ್ಚು ಹಾಕಿದ ಮೇಲೆ ಮುಗಿಯಿತು. ಇಡೀ ಜಗತ್ತಿಗೆ ಮಾರುವ ಫೋನಿಗೆ ಕನ್ನಡದ ಅಚ್ಚು ಹಾಕಿ ಕೊಡುವ ಕಂಪನಿ ಎಲ್ಲಿದೆ?

2007ರ ಜನವರಿಯಲ್ಲಿ ಐಫೋನ್ ತೋರಿಸುವಾಗ ಸ್ಟೀವ್ ಜಾಬ್ಸ್ ಇಟ್ಟ ವಾದವೂ ಸುಮಾರು ಇದೇ. ಬಟನ್‌ಗಳು ಬೇಕಿರಲಿ ಬೇಡದಿರಲಿ ಅಲ್ಲೇ ಇರುತ್ತವೆ, ಫೋನ್ ಮಾರಿಯಾದ ಮೇಲೆ ಹೊಸದೊಂದು ಯೋಚನೆ ಬಂದರೆ ಹೊಸ ಬಟನ್ ಸೇರಿಸಲು ಆಗುವುದಿಲ್ಲ ಅಂತ. ಅವರ ಮನಸ್ಸಿನಲ್ಲಿ ಕನ್ನಡ ಇರಲಿಲ್ಲ, ಬಿಡಿ. ಆದರೆ ಆ ವಾದದಿಂದ ಜಾಸ್ತಿ ಲಾಭ ಆದದ್ದು ನಮ್ಮಂಥ ಭಾಷೆಗಳಿಗೆ. ಗಾಜಿನ ಮೇಲೆ ಏನು ಬೇಕಾದರೂ ಬರೆಯಬಹುದು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳು ಅದರೊಳಗೇ ಸೇರಿದವು. ಅದಕ್ಕೆ ಮುಂಚೆ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಂದರೆ ಬರೀ ಚೌಕಗಳು.

ರಾಯಚೂರಿನವರಿಗೆ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತು. 1956ರ ತನಕ ನಾವು ಹೈದರಾಬಾದ್ ರಾಜ್ಯದಲ್ಲಿ ಇದ್ದವರು. ಈ ಕಡೆ ಉರ್ದು, ಆ ಕಡೆ ತೆಲುಗು, ನಡುವೆ ಕನ್ನಡ. ತೀನ್ ಕಂದೀಲ್ ಹತ್ತಿರದ ಯಾವ ಬಟ್ಟೆ ಅಂಗಡಿಯಲ್ಲಿ ನಿಂತರೂ ಹತ್ತು ನಿಮಿಷದಲ್ಲಿ ಮೂರೂ ಕೇಳುತ್ತವೆ. ಗ್ರಾಹಕರಿಗೆ ಕನ್ನಡದಲ್ಲಿ ಮೆಸೇಜು, ಗದ್ವಾಲದ ನೇಕಾರರಿಗೆ ತೆಲುಗಿನಲ್ಲಿ, ಮನೆಗೆ ಉರ್ದುವಿನಲ್ಲಿ. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ, ಬೇರೆ. ಈ ಮೂರನ್ನೂ ಒಂದೇ ಫೋನಿನಲ್ಲಿ, ಸ್ಪೇಸ್ ಬಾರ್ ಒತ್ತಿ ಹಿಡಿದು ಬದಲಾಯಿಸಿಕೊಳ್ಳುವುದು ಗಾಜಿನಿಂದ ಮಾತ್ರ ಸಾಧ್ಯ. ಅಚ್ಚು ಹಾಕಿದ ಬಟನ್ನಿಗೆ ಇದು ಆಗದ ಮಾತು. ನಾನು ಬಟನ್ ಕಡೆಯವಳು ಅಂತ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೌದು. ಆದರೂ ಕನ್ನಡವನ್ನು ಕೋಟ್ಯಂತರ ಜನರ ಕೈಗೆ ತಂದುಕೊಟ್ಟದ್ದು ಗಾಜು. ಇದನ್ನು ಒಪ್ಪದೆ ಮುಂದಕ್ಕೆ ಮಾತಾಡುವುದು ಸರಿಯಲ್ಲ.

ಹಾಗಾದರೆ ಬಟನ್ನಿನ ಕಡೆ ಏನು ಉಳಿಯಿತು? ಬಹಳ ಉಳಿದಿದೆ.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಕಂಪ್ಯೂಟರ್ ಇದ್ದರೆ ಅದರ ಕೀಬೋರ್ಡ್ ಮುಟ್ಟಿ ನೋಡಿ. ‘ಎಫ್’ ಮತ್ತು ‘ಜೆ’ ಬಟನ್ ಮೇಲೆ ಸಣ್ಣ ಗೀಟು ಎದ್ದಿರುತ್ತದೆ. ಎರಡು ತೋರುಬೆರಳು ಎಲ್ಲಿ ಕೂರಬೇಕು ಅಂತ ಕಣ್ಣಿಲ್ಲದೆ ತಿಳಿಸುವುದಕ್ಕೆ ಆ ಗೀಟು. ಈಗ ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆಗೆ ಬನ್ನಿ, ನುಡಿ ತಂತ್ರಾಂಶದಲ್ಲಿ ಇರುವುದು ಅದೇ. ಅದರಲ್ಲಿ ಒತ್ತಕ್ಷರ ಮಾಡುವ ಕೊಂಡಿ ಇರುವುದು ‘ಎಫ್’ ಮೇಲೆ. ಅಂದರೆ ಸರಿಯಾಗಿ ಆ ಗೀಟಿನ ಮೇಲೆ, ಎಡಗೈ ತೋರುಬೆರಳಿನ ಕೆಳಗೆ. ಕನ್ನಡದಲ್ಲಿ ಒತ್ತಿಲ್ಲದೆ ಒಂದು ಸಾಲು ಬರೆಯುವುದು ಎಷ್ಟು ಕಷ್ಟ ಅಂತ ಯೋಚಿಸಿ. ಅಕ್ಕ, ಅಪ್ಪ, ಅಣ್ಣ, ಎಮ್ಮೆ, ಹಳ್ಳಿ, ರೊಟ್ಟಿ ಎಲ್ಲದಕ್ಕೂ ಅದು ಬೇಕು. ‘ಕನ್ನಡ’ ಅಂತ ಬರೆಯಬೇಕಾದರೆ ಐದೇ ಹೊಡೆತ: ಕೆ, ಎನ್, ಎಫ್, ಎನ್, ಡಬ್ಲ್ಯು. ನಡುವಿನ ‘ಎಫ್’ಗೆ ಬೆರಳು ಎಲ್ಲಿಗೂ ಹೋಗಬೇಕಾಗಿಲ್ಲ, ಅಲ್ಲೇ ಕೂತಿರುತ್ತದೆ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲೂ ಕೊಂಡಿ ಇರುವುದು ಅದರ ಪಕ್ಕದ ‘ಡಿ’ ಮೇಲೆ, ಅದೇ ನಡುಸಾಲಿನಲ್ಲಿ. ಇವೆರಡನ್ನೂ ಮಾಡಿದವರು ಒತ್ತನ್ನು ಬೆರಳಿನ ಮನೆಯಲ್ಲೇ ಕೂರಿಸಿದ್ದಾರೆ. ದಿನವಿಡೀ ಟೈಪ್ ಮಾಡುವ ನನ್ನಂಥವರಿಗೆ ಅದರ ಸುಖ ಗೊತ್ತು. ಕಣ್ಣು ಗಿರಾಕಿ ತಂದ ಹಾಳೆಯ ಮೇಲೆ, ಬೆರಳು ತನ್ನ ಪಾಡಿಗೆ ಓಡುತ್ತಿರುತ್ತದೆ.

ಗಾಜಿನ ಮೇಲೆ ಆ ಗೀಟು ಇಲ್ಲ. ಪ್ರತಿ ಒತ್ತಿಗೂ ಕಣ್ಣು ಕೆಳಗೆ ಬಂದು ಹುಡುಕಬೇಕು. ಗಾಜಿಗೆ ಬಟನ್ನಿನ ಗುಣ ಕೊಡಲು ಕಂಪನಿಗಳು ಪ್ರಯತ್ನ ಪಡಲಿಲ್ಲ ಅಂತಲ್ಲ. 2008ರಲ್ಲಿ ಬ್ಲ್ಯಾಕ್‌ಬೆರಿಯವರೇ ಸ್ಟಾರ್ಮ್ ಅಂತ ಒಂದು ಫೋನ್ ತಂದರು, ಅದರ ಇಡೀ ಗಾಜೇ ಬಟನ್ನಿನ ಹಾಗೆ ಒಳಗೆ ಒತ್ತಿಕೊಂಡು ಟಕ್ ಅನ್ನುತ್ತಿತ್ತು. ಜನ ಒಪ್ಪಲಿಲ್ಲ. ಈಗಿನ ಫೋನುಗಳು ಒತ್ತಿದಾಗ ಸಣ್ಣಗೆ ನಡುಗುತ್ತವೆ. ಆ ನಡುಕ ‘ನೀನು ಒತ್ತಿದೆ’ ಅಂತ ಹೇಳುತ್ತದೆ, ‘ನಿನ್ನ ಬೆರಳು ಎಲ್ಲಿದೆ’ ಅಂತ ಒತ್ತುವ ಮುಂಚೆ ಹೇಳುವುದಿಲ್ಲ. ಟೈಪ್ ಮಾಡುವವರಿಗೆ ಬೇಕಾದದ್ದು ಎರಡನೆಯದು.

ಗಂಜ್‌ಗೆ, ಅಂದರೆ ನಮ್ಮ ಮಾರುಕಟ್ಟೆಗೆ, ಹೋಗಿ ನೋಡಿ. ಹತ್ತಿ ಬರುವ ಕಾಲದಲ್ಲಿ ದಲಾಲಿ ಅಂಗಡಿಯ ಗುಮಾಸ್ತರ ಮುಂದೆ ದೊಡ್ಡ ಕ್ಯಾಲ್ಕುಲೇಟರ್ ಇರುತ್ತದೆ, ಬಟನ್ ಮೇಲಿನ ಅಂಕಿ ಅರ್ಧ ಅಳಿಸಿಹೋಗಿರುತ್ತದೆ. ಜೇಬಿನಲ್ಲಿ ಇಪ್ಪತ್ತು ಸಾವಿರದ ಟಚ್ ಫೋನ್, ಅದರಲ್ಲೂ ಕ್ಯಾಲ್ಕುಲೇಟರ್ ಇದೆ. ಆದರೆ ಅವರು ಅದನ್ನು ಹೊರಗೆ ತೆಗೆಯುವುದಿಲ್ಲ. ಬಲಗೈಯಲ್ಲಿ ಪೆನ್ನು, ಕಣ್ಣು ತೂಕದ ಚೀಟಿಯ ಮೇಲೆ, ಎಡಗೈ ಬೆರಳು ಐದರ ಮೇಲಿನ ಚುಕ್ಕಿ ಸವರಿ ಅಲ್ಲಿಂದ ಎಣಿಸಿಕೊಂಡು ಹೋಗುತ್ತದೆ. ತಪ್ಪು ಒತ್ತಿದರೆ ಬೆರಳಿಗೇ ಗೊತ್ತಾಗುತ್ತದೆ. ದುಡ್ಡಿನ ಲೆಕ್ಕ, ತಪ್ಪಿದರೆ ರೈತನಿಗೋ ಮಾಲೀಕರಿಗೋ ನಷ್ಟ. ಅಲ್ಲಿ ಅವರು ನಂಬುವುದು ಬಟನ್ನನ್ನೇ. ಕಣ್ಣು ಕಾಣದವರೂ ಅದೇ ಚುಕ್ಕಿಯನ್ನು ನಂಬಿ ಫೋನ್ ಮಾಡುತ್ತಾರೆ. ಟಚ್ ಫೋನಿನಲ್ಲಿ ಬೆರಳಿಟ್ಟ ಅಕ್ಷರವನ್ನು ಓದಿ ಹೇಳುವ ವ್ಯವಸ್ಥೆ ಬಂದಿದೆ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಪ್ರತಿ ಅಕ್ಷರವನ್ನೂ ಕೇಳಿಸಿಕೊಂಡು ಒತ್ತುವುದಕ್ಕೆ ಸಮಯ ಬೇಕು, ಗದ್ದಲ ಇಲ್ಲದ ಜಾಗವೂ ಬೇಕು.

ಇನ್ನು ನಮ್ಮ ಬಿಸಿಲು. ಟಚ್ ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದ ವಿದ್ಯುತ್ ಪದರ ಇರುತ್ತದೆ. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಸ್ವಲ್ಪ ಬದಲಾಗುತ್ತದೆ, ಅದನ್ನು ಅಳೆದು ಫೋನು ಬೆರಳು ಎಲ್ಲಿದೆ ಅಂತ ತಿಳಿಯುತ್ತದೆ. ಒತ್ತಡದ ಕೆಲಸವೇ ಇಲ್ಲ. ನೀರಿನಲ್ಲೂ ಬೆವರಿನಲ್ಲೂ ವಿದ್ಯುತ್ ಹರಿಯುವುದರಿಂದ, ಗಾಜಿನ ಮೇಲೆ ಬೆವರ ಹನಿ ಬಿದ್ದರೆ ಫೋನು ಅದನ್ನೂ ಬೆರಳು ಅಂದುಕೊಳ್ಳುತ್ತದೆ. ಹೊಲದಲ್ಲಿ ದುಡಿದು ಕೈ ಗಟ್ಟಿಯಾದವರ ಬೆರಳ ತುದಿ ಒಣಗಿ ದಪ್ಪಗಾಗಿರುತ್ತದೆ, ಅಲ್ಲಿ ಉಲ್ಟಾ, ಒತ್ತಿದರೂ ಗೊತ್ತಾಗುವುದಿಲ್ಲ. ಎಷ್ಟೋ ರೈತರು ‘ನನಗೆ ಟಚ್ ಬರಲ್ಲ’ ಅನ್ನುತ್ತಾರೆ. ಬರದೇ ಇರುವುದು ಅವರಿಗಲ್ಲ, ಆ ಗಾಜಿಗೆ ಅವರ ಕೈ ತಿಳಿಯುತ್ತಿಲ್ಲ. ಮೇಲೆ ದಪ್ಪನೆಯ ಟೆಂಪರ್ಡ್ ಗ್ಲಾಸ್ ಬೇರೆ ಅಂಟಿಸಿಕೊಂಡಿರುತ್ತಾರೆ. ಹಟ್ಟಿಯ ಚಿನ್ನದ ಗಣಿಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ಕೈಗವಸು ಹಾಕಿ ಕೆಲಸ ಮಾಡುವವರ ಪಾಡು ಕೇಳಲೇಬೇಡಿ, ದಪ್ಪ ಕೈಗವಸಿದ್ದರೆ ಸಾಮಾನ್ಯ ಟಚ್ ಕೆಲಸ ಮಾಡುವುದೇ ಇಲ್ಲ. ಆಪಲ್ ಕಂಪನಿ ತನ್ನ ಐಫೋನನ್ನು 0ಯಿಂದ 35 ಡಿಗ್ರಿ ಬಿಸಿಯೊಳಗೆ ಬಳಸಿ ಅನ್ನುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಮಧ್ಯಾಹ್ನ 40 ದಾಟುವುದು ಮಾಮೂಲು. ಬಿಸಿ ಏರಿದಾಗ ಫೋನು ತನ್ನನ್ನು ಕಾಪಾಡಿಕೊಳ್ಳಲು ಪರದೆಯ ಬೆಳಕು ಇಳಿಸುತ್ತದೆ, ಸರಿಯಾಗಿ ಬಿಸಿಲಿನಲ್ಲಿ ಪರದೆ ಕಾಣದೇ ಹೋಗುತ್ತದೆ. ಕಣ್ಣನ್ನೇ ನಂಬಿದ ಕೀಬೋರ್ಡು ಆಗ ಏನು ಮಾಡಬೇಕು?

ವೇಗದ ಮಾತಿಗೆ ಬರುತ್ತೇನೆ, ಕೇಳದೆ ಬಿಡುವುದಿಲ್ಲ ನೀವು. 2019ರಲ್ಲಿ ಫಿನ್ಲೆಂಡಿನ ಆಲ್ಟೊ, ಇಂಗ್ಲೆಂಡಿನ ಕೇಂಬ್ರಿಜ್, ಸ್ವಿಟ್ಜರ್ಲೆಂಡಿನ ಇ.ಟಿ.ಎಚ್. ಜ್ಯೂರಿಕ್ ಸಂಶೋಧಕರು ಸೇರಿ 37,000ಕ್ಕೂ ಹೆಚ್ಚು ಜನ ಫೋನಿನಲ್ಲಿ ಟೈಪ್ ಮಾಡುವುದನ್ನು ಅಳೆದರು. ಸರಾಸರಿ ನಿಮಿಷಕ್ಕೆ 36 ಪದ, ಎರಡು ಹೆಬ್ಬೆರಳು ಬಳಸುವವರು 38. ಅದಕ್ಕೆ ಹಿಂದಿನ ವರ್ಷ ಕಂಪ್ಯೂಟರ್ ಕೀಬೋರ್ಡಿನ ಮೇಲೆ ಇದೇ ರೀತಿ ಅಳೆದಾಗ ಸರಾಸರಿ 52 ಬಂದಿತ್ತು. ಅಂತರ ಇದೆ, ಆದರೆ ನಾವು ಅಂದುಕೊಂಡಷ್ಟಿಲ್ಲ. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು: ತಪ್ಪನ್ನು ತಾನೇ ತಿದ್ದುವ ಆಟೊಕರೆಕ್ಟ್ ಬಳಸಿದವರು ವೇಗವಾಗಿದ್ದರು, ಮೇಲೆ ಬರುವ ಪದಗಳನ್ನು ನೋಡಿ ಆರಿಸುತ್ತ ಕೂತವರು ನಿಧಾನವಾಗಿದ್ದರು. ಆರಿಸುವುದಕ್ಕೆ ಓದಬೇಕು, ಯೋಚಿಸಬೇಕು, ಅಷ್ಟರಲ್ಲಿ ಆ ಪದ ಒತ್ತಿ ಮುಗಿದಿರುತ್ತಿತ್ತು.

ಆದರೆ ಅವರು ಕೊಟ್ಟದ್ದು ಇಂಗ್ಲಿಷ್ ವಾಕ್ಯಗಳನ್ನು. ಕನ್ನಡಕ್ಕೆ ಈ ಲೆಕ್ಕ ನೇರವಾಗಿ ಹಾಕಲು ಬರುವುದಿಲ್ಲ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸಿಕೊಳ್ಳುತ್ತಾರೆ. ‘ಕನ್ನಡ’ಕ್ಕೆ ಏಳು ಹೊಡೆತ, ಆಮೇಲೆ ಪಟ್ಟಿಯಿಂದ ಆರಿಸುವುದು ಬೇರೆ. ಹಲ್ಲಿ, ಹಳ್ಳಿ ಎರಡಕ್ಕೂ ಒತ್ತುವ ಇಂಗ್ಲಿಷ್ ಅಕ್ಷರ ಒಂದೇ. ಅವಸರದಲ್ಲಿ ಮೊದಲು ಬಂದದ್ದನ್ನು ಒತ್ತಿಬಿಡುತ್ತಾರೆ. ನನ್ನ ಅಂಗಡಿಗೆ ಬರುವ ಲಗ್ನಪತ್ರಿಕೆಯ ಮೆಸೇಜುಗಳಲ್ಲಿ ಲ-ಳ, ನ-ಣ ಅದಲುಬದಲಾಗುವುದು ಇಲ್ಲಿಂದಲೇ. ಜನರಿಗೆ ಕನ್ನಡ ಬರುತ್ತಿಲ್ಲ ಅಂತ ಬೈಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾಳೆಯ ಮೇಲೆ ಬರೆಯಲು ಕೊಟ್ಟರೆ ಅದೇ ಜನ ಸರಿಯಾಗಿ ಬರೆಯುತ್ತಾರೆ.

ಇನ್ನೂ ಒಂದು ಇದೆ. ಮನೆಯವರ ಜೊತೆ ನಾವು ‘ಹೋಗ್ಯಾನ’, ‘ಬಂದೀನಿ’, ‘ಏನಾತು’ ಅಂತ ಬರೆಯುತ್ತೇವೆ. ಫೋನಿನ ಪದಪಟ್ಟಿಗೆ ಈ ಮಾತು ಗೊತ್ತಿಲ್ಲ. ‘ಏನಾತು’ ಅಂದರೆ ‘ಏನಾಯಿತು’ ಮಾಡಲು ಹೊರಡುತ್ತದೆ. ನಮ್ಮ ಮಾತನ್ನು ನಮ್ಮ ಹಾಗೇ ಬರೆಯಬೇಕಾದರೆ ಊಹೆಯ ಮೇಲೆ ನಡೆಯುವ ಕೀಬೋರ್ಡು ಸಾಲದು, ಒತ್ತಿದ್ದನ್ನೇ ಕೊಡುವ ಕೀಬೋರ್ಡು ಬೇಕು. 2017ರಿಂದ ಗೂಗಲ್‌ನಲ್ಲಿ ಕನ್ನಡ ಮಾತಾಡಿಯೂ ಬರೆಸಬಹುದು, ಅದು ಒಳ್ಳೆಯದೇ, ನಾನೂ ಬಳಸುತ್ತೇನೆ. ಅಲ್ಲೂ ಇದೇ ತೊಂದರೆ, ಜೊತೆಗೆ ಬಸ್ಸಿನಲ್ಲಿ ಕೂತು ಮನೆಯ ವಿಷಯ ಜೋರಾಗಿ ಹೇಳಲು ಆಗುತ್ತದಾ?

ಅದಕ್ಕೇ ನಾನು ಮೊದಲು ಕೀಲಿಮಣೆ ಅಂದದ್ದು. ಗಾಜಿನ ಮೇಲೂ ಕೆ.ಪಿ. ರಾವ್ ಕೀಲಿಮಣೆ ಸಿಗುತ್ತದೆ, ಜಸ್ಟ್ ಕನ್ನಡದಂಥ ಆ್ಯಪ್‌ಗಳು ಅದನ್ನು ಫೋನಿಗೆ ತಂದಿವೆ. ಇನ್‌ಸ್ಕ್ರಿಪ್ಟ್ ಕೂಡ ಸಿಗುತ್ತದೆ. ಇವೆರಡರ ನಡುವೆ ಫೋನಿನಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ, ಅದು ಕಂಪ್ಯೂಟರಿನಲ್ಲಿ ಗೊತ್ತಾಗುವುದಿಲ್ಲ. ಕೆ.ಪಿ. ರಾವ್ ಕೀಲಿಮಣೆ ಇಪ್ಪತ್ತಾರು ಇಂಗ್ಲಿಷ್ ಬಟನ್ನಿನೊಳಗೆ ಇಡೀ ಕನ್ನಡವನ್ನು ಕೂರಿಸುತ್ತದೆ, ಮಹಾಪ್ರಾಣಕ್ಕೆ ಶಿಫ್ಟ್. ಇನ್‌ಸ್ಕ್ರಿಪ್ಟ್ ಆವರಣ ಚಿಹ್ನೆ, ಅರ್ಧವಿರಾಮದ ಬಟನ್‌ಗಳನ್ನೂ ಬಳಸುತ್ತದೆ. ಡ, ಚ, ಟ ಎಲ್ಲ ಅಲ್ಲೇ ಬಲತುದಿಯಲ್ಲಿವೆ. ಅಷ್ಟನ್ನೂ ಫೋನಿನ ಅಗಲದಲ್ಲಿ ತುರುಕಿದಾಗ ಒಂದೊಂದು ಕೀಲಿಯೂ ಸಣ್ಣದಾಗುತ್ತದೆ, ಹೆಬ್ಬೆರಳು ಪಕ್ಕದ್ದನ್ನು ಒತ್ತುತ್ತದೆ. ಹಾಗಾಗಿ ಗಾಜಿಗೆ ಕೆ.ಪಿ. ರಾವ್ ವಿನ್ಯಾಸವೇ ವಾಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಸದಾಗಿ ಕಲಿಯುವವರಿಗೆ ಇನ್ನೊಂದು ದಾರಿಯೂ ಇದೆ. ಕೆಲವು ಕೀಬೋರ್ಡ್‌ಗಳಲ್ಲಿ ‘ಕ’ ಒತ್ತಿದ ತಕ್ಷಣ ಮೇಲಿನ ಸಾಲು ತಾನೇ ಬದಲಾಗಿ ಕಾ, ಕಿ, ಕೀ, ಕು ಅಂತ ಗುಣಿತ ತೋರಿಸುತ್ತದೆ. ಶಾಲೆಯಲ್ಲಿ ಕಾಗುಣಿತದ ಬಳ್ಳಿ ಬರೆದು ಕಲಿತವರಿಗೆ ಅದು ಒಂದೇ ದಿನದಲ್ಲಿ ಹಿಡಿತಕ್ಕೆ ಬರುತ್ತದೆ. ಈ ಕೆಲಸ ಪ್ಲಾಸ್ಟಿಕ್ ಬಟನ್ನಿನಿಂದ ಎಂದೂ ಆಗದು.

ಈಗ ಆಗಲೇ ನೆನಪಿಡಿ ಅಂದ ಆರನ್ನು ತೆಗೆಯಿರಿ. ‘ಸ್ತ್ರೀ’ ಒತ್ತುವಾಗ ತ ಬದಲು ದ ಬಿತ್ತು ಅನ್ನಿ. ತಿದ್ದಬೇಕು. ಕರ್ಸರನ್ನು ಆ ಅಕ್ಷರದ ಒಳಗೆ ತೂರಿಸಲು ಆಗುವುದಿಲ್ಲ, ಫೋನಿಗೂ ಅದು ಒಂದೇ ಗಂಟು. ಕೊನೆಯಲ್ಲಿ ನಿಂತು ಒಂದೊಂದಾಗಿ ಅಳಿಸಬೇಕು, ಮೊದಲು ಗುಣಿತ ಹೋಗುತ್ತದೆ, ಆಮೇಲೆ ರ, ಆಮೇಲೆ ಕೊಂಡಿ. ಬಟನ್ ಇದ್ದರೆ ಬಾಣದ ಗುರುತು ಒತ್ತಿ ಸರಿಯಾಗಿ ಆ ಅಕ್ಷರದ ಕೊನೆಗೆ ಹೋಗಿ ನಿಲ್ಲಬಹುದು. ಗಾಜಿನಲ್ಲಿ ಹೆಬ್ಬೆರಳಿಂದ ಆ ಜಾಗ ಮುಟ್ಟುವುದೇ ಹರಸಾಹಸ, ಬೆರಳಿನ ಅಡಿಯಲ್ಲೇ ಅಕ್ಷರ ಮುಚ್ಚಿಹೋಗುತ್ತದೆ. ಇದಕ್ಕೆ ಒಂದು ಉಪಾಯ ಇದೆ, ಗೊತ್ತಿಲ್ಲದವರು ಇವತ್ತೇ ಮಾಡಿ ನೋಡಿ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡಿನಲ್ಲಿ ಸ್ಪೇಸ್ ಬಾರ್ ಮೇಲೆ ಬೆರಳನ್ನು ಎಡಕ್ಕೆ ಬಲಕ್ಕೆ ಜಾರಿಸಿದರೆ ಕರ್ಸರು ಒಂದೊಂದೇ ಅಕ್ಷರ ಸರಿಯುತ್ತದೆ. ಐಫೋನಿನಲ್ಲಿ ಸ್ಪೇಸ್ ಬಾರ್ ಒತ್ತಿ ಹಿಡಿದು ಜಾರಿಸಬೇಕು.

ಗಾಜಿನ ಕೀಬೋರ್ಡ್ ಅಂದರೆ ಒಂದು ತಂತ್ರಾಂಶ, ನೀವು ಒತ್ತುವುದೆಲ್ಲ ಅದರ ಮೂಲಕವೇ ಹಾದುಹೋಗುತ್ತದೆ. 2017ರ ಡಿಸೆಂಬರಿನಲ್ಲಿ ಏಐ.ಟೈಪ್ ಅನ್ನುವ ಕೀಬೋರ್ಡ್ ಆ್ಯಪಿನ ಸುಮಾರು 3.1 ಕೋಟಿ ಬಳಕೆದಾರರ ಮಾಹಿತಿ ಬಯಲಾದದ್ದು ಸುದ್ದಿಯಾಗಿತ್ತು. ಬಣ್ಣಬಣ್ಣದ ಥೀಮ್ ಇದೆ ಅಂತ ಯಾವುದೋ ಕೀಬೋರ್ಡ್ ಹಾಕಿಕೊಳ್ಳಬೇಡಿ. ಅದರಲ್ಲೇ ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಒತ್ತುವವರು ನೀವು.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: “ಅಲ್ಲಮ್ಮ, ನನ್ನ ಬಟ್ಟ ದಪ್ಪ ಅದ. ಒಂದು ಒತ್ತಿದ್ರ ಇನ್ನೊಂದು ಬೀಳ್ತದ. ನಾ ಏನ್ ಮಾಡ್ಲಿ?”

ಯಜಮಾನರೇ, ಮೊದಲು ಕೀಬೋರ್ಡಿನ ಸೆಟ್ಟಿಂಗ್‌ಗೆ ಹೋಗಿ ಎತ್ತರ ಜಾಸ್ತಿ ಮಾಡಿಸಿ, ಬಹಳಷ್ಟು ಕೀಬೋರ್ಡ್‌ಗಳಲ್ಲಿ ಆ ಅನುಕೂಲ ಇದೆ. ಉದ್ದ ಬರೆಯುವುದಿದ್ದರೆ ಫೋನನ್ನು ಅಡ್ಡ ಹಿಡಿಯಿರಿ. ಇನ್ನೊಂದು, ತಪ್ಪು ಕೀಲಿಯ ಮೇಲೆ ಬೆರಳು ಬಿದ್ದರೆ ಗಾಬರಿಯಿಂದ ಎತ್ತಬೇಡಿ. ಜಾರುತ್ತ ಟೈಪ್ ಮಾಡುವ ಸೌಲಭ್ಯವನ್ನು ಬಂದ್ ಮಾಡಿಟ್ಟರೆ, ಸಾಮಾನ್ಯವಾಗಿ ಅಕ್ಷರ ಬೀಳುವುದು ಬೆರಳು ಎತ್ತಿದಾಗ. ಹಾಗೇ ಜಾರಿಸಿ ಸರಿಯಾದ ಕೀಲಿಗೆ ತಂದು ಎತ್ತಿ. ಇಷ್ಟಾದರೂ ಬೇಸರ ಅನ್ನಿಸಿದರೆ ನಿಮ್ಮ ಬಟನ್ ಫೋನನ್ನು ಯಾರ ಮಾತಿಗೂ ಬಿಡಬೇಡಿ.

ಕಾಲೇಜು ಹುಡುಗ ಒಬ್ಬ: “ಅಕ್ಕಾ, ಆನ್‌ಲೈನ್‌ನಲ್ಲಿ ಹಳೇ ಬ್ಲ್ಯಾಕ್‌ಬೆರಿ ಅಗ್ಗಕ್ಕೆ ಸಿಗ್ತಿದೆ, ತಗೊಳ್ಲಾ?”

ಬೇಡ ತಮ್ಮಾ. 2022ರ ಜನವರಿ 4ರಂದು ಬ್ಲ್ಯಾಕ್‌ಬೆರಿಯ ಹಳೆಯ ಫೋನುಗಳಿಗೆ ಕಂಪನಿಯೇ ಸೇವೆ ನಿಲ್ಲಿಸಿತು. ಕಾಲ್, ಮೆಸೇಜ್ ಕೂಡ ನೆಟ್ಟಗೆ ಹೋಗುತ್ತವೆ ಅನ್ನುವ ಭರವಸೆ ಇಲ್ಲ. ಆಂಡ್ರಾಯ್ಡ್ ಇದ್ದ ಕೀವನ್, ಕೀ2 ಬೇರೆ, ಆದರೆ ಅವೂ ಹಳತಾದವು. ಯುನಿಹರ್ಟ್ಜ್ ಅನ್ನುವ ಕಂಪನಿ ಟೈಟನ್ ಹೆಸರಿನಲ್ಲಿ ಬಟನ್ ಫೋನ್ ಮಾಡುತ್ತದೆ. 2024ರಲ್ಲಿ ಕ್ಲಿಕ್ಸ್ ಅಂತ ಐಫೋನಿಗೆ ಕೆಳಗಡೆ ಸಿಕ್ಕಿಸುವ ಬಟನ್ ಕವಚವೂ ಬಂತು. ಆಸೆ ಇದ್ದರೆ ನೋಡು. ಅದರ ಬಟನ್ ಮೇಲೂ ಇಂಗ್ಲಿಷೇ ಇರುತ್ತದೆ ಅನ್ನುವುದು ತಲೆಯಲ್ಲಿರಲಿ.

ದೇವದುರ್ಗದ ಕಡೆಯಿಂದ ಬಂದಿದ್ದ ಬಿಡಿ ವರದಿಗಾರರೊಬ್ಬರ ಪ್ರಶ್ನೆ ನನಗೆ ಬಹಳ ಮುಖ್ಯ ಅನ್ನಿಸಿತು. “ಮೇಡಂ, ನಾನು ಸುದ್ದಿಯೆಲ್ಲ ಫೋನಿನಲ್ಲೇ ಟೈಪ್ ಮಾಡಿ ಕಳಿಸ್ತೀನಿ. ಲ್ಯಾಪ್‌ಟಾಪ್ ಕೊಳ್ಳೋ ಶಕ್ತಿ ಇಲ್ಲ. ಸಂಜೆ ಹೊತ್ತಿಗೆ ಹೆಬ್ಬೆರಳು ನೋಯುತ್ತದೆ.”

ಸರ್, ನಿಮಗೆ ಎರಡೂ ಬೇಕು, ಎರಡೂ ಸಿಗುತ್ತದೆ. ಬಸ್ಸಿನಲ್ಲಿ, ಸಭೆಯಲ್ಲಿ ನಿಂತಾಗ ಗಾಜಿನಲ್ಲೇ ನಾಲ್ಕು ಸಾಲು ಹಾಕಿಕೊಳ್ಳಿ. ಮನೆಗೆ ಬಂದು ಉದ್ದದ ಸುದ್ದಿ ಬರೆಯುವಾಗ ಒಂದು ಓ.ಟಿ.ಜಿ. ಕೇಬಲ್ಲಿಗೆ, ಅಂದರೆ ಫೋನಿಗೆ ಬೇರೆ ಸಾಧನ ಸೇರಿಸುವ ಸಣ್ಣ ತಂತಿಗೆ, ಸಾಮಾನ್ಯ ಕಂಪ್ಯೂಟರ್ ಕೀಬೋರ್ಡ್ ಸಿಕ್ಕಿಸಿ ಫೋನಿಗೆ ಹಾಕಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅದು ಹಾಗೇ ಕೆಲಸ ಮಾಡುತ್ತದೆ. ಫೋನನ್ನು ಲೋಟಕ್ಕೆ ಒರಗಿಸಿ ಇಟ್ಟುಕೊಂಡು ಹತ್ತೂ ಬೆರಳಲ್ಲಿ ಬರೆಯಿರಿ. ತಂತಿ ಬೇಡ ಅಂದರೆ ಬ್ಲೂಟೂತ್ ಕೀಬೋರ್ಡ್ ಇದೆ, ಮಡಚುವಂಥದ್ದೂ ಸಿಗುತ್ತದೆ, ಬ್ಯಾಗಿನಲ್ಲಿ ಹಿಡಿಯುತ್ತದೆ. ಒಂದೇ ಎಚ್ಚರ: ಕೀಬೋರ್ಡ್ ಸೇರಿಸಿದಾಗ ಇಂಗ್ಲಿಷ್ ಬಂದೇ ಬರುತ್ತದೆ, ಕನ್ನಡ ಬರುತ್ತದಾ ಅನ್ನುವುದು ನಿಮ್ಮ ಫೋನಿನ ಮೇಲೆ, ನೀವು ಹಾಕಿಕೊಂಡ ಆ್ಯಪಿನ ಮೇಲೆ ನಿಂತಿದೆ. ಅದಕ್ಕೇ ಫೋನನ್ನು ಅಂಗಡಿಗೇ ತೆಗೆದುಕೊಂಡು ಹೋಗಿ, ಅಲ್ಲೇ ಸಿಕ್ಕಿಸಿ, ಮೂರು ಪದ ಒತ್ತಿ ನೋಡಿ. ಒಂದು ‘ಸ್ತ್ರೀ’, ಒತ್ತಿನ ಕೆಳಗೆ ಒತ್ತು ಕೂರುತ್ತದಾ ಅಂತ. ಇನ್ನೊಂದು ‘ಸಾಫ್ಟ್‌ವೇರ್’, ಟ ಅರ್ಧಕ್ಕೆ ನಿಲ್ಲಬೇಕು, ವ ಅದರ ಕೆಳಗೆ ಹೋಗಿ ಒತ್ತಾಗಬಾರದು. ಮೂರನೆಯದು ನಿಮ್ಮೂರಿನ ಹೆಸರು, ‘ದೇವದುರ್ಗ’, ಅರ್ಕಾವತ್ತು ಗ ಆದಮೇಲೆ ಬರಬೇಕು. ಮೂರೂ ಸರಿಯಾಗಿ ಬಂದರೆ ದುಡ್ಡು ಕೊಡಿ, ಬರದಿದ್ದರೆ ಆ್ಯಪ್ ಬದಲಿಸಿ ಇನ್ನೊಂದು ಸಲ ಒತ್ತಿ ನೋಡಿ.